ಉಪವಾಸವೂ ದೇಹದ ತೂಕವೂ: ಒಂದು ವಿವೇಚನೆ

ಉಪವಾಸದಿಂದ ದೇಹದ ತೂಕ ಇಳಿಯುತ್ತದೆಂಬುದು ನಿರ್ವಿವಾದ. ಆದರೆ ತೂಕ ಇಳಿಸುವುದಕ್ಕೆಂದೇ ಆಹಾರವನ್ನು ಬಿಟ್ಟರೆ ಅದು ಉಪವಾಸವೆನಿಸೀತೇ, ಬಿಟ್ಟವನು ವ್ರತಿಯೆನಿಸಿಯಾನೇ ಎಂಬುದು ವಿಚಾರಣೀಯವಾದ ವಿಷಯ. ಹಿಂದೆ ಪಂಡಿತರ ಗೋಷ್ಠಿಯಲ್ಲಿ ಮಾತ್ರ ಏಳಬಹುದಾಗಿದ್ದ ಈ ಪ್ರಶ್ನೆ ಇಂದು ನಮ್ಮ ಮನೆಗಳ ಪಡಸಾಲೆಗೆ ಬಂದಿದೆ. ಬೇಸಿಗೆಯ ರಜೆಯಲ್ಲಿ ಮಕ್ಕಳಿಗಾಗಿ ಧಾರ್ಮಿಕ ಸಂಸ್ಕಾರ ಶಿಬಿರಗಳನ್ನು ನಡೆಸುವುದು ನಮ್ಮ ಸಮಾಜದಲ್ಲಿ ರೂಢಿಯಾಗಿದೆ. ಅದೇ ರಜೆಯಲ್ಲಿ ನಗರಗಳಲ್ಲಿ ತರುಣರ ಮೈ ಕರಗಿಸುವ ಶಿಬಿರಗಳೂ ನಡೆಯುತ್ತವೆ. ಎರಡನ್ನೂ ಒಂದುಗೂಡಿಸಿದರೆ ಆಗದೇ? ಹೇಗೂ ನಮ್ಮಲ್ಲಿ ಏಕಾಶನವಿದೆ, ಉಪವಾಸವಿದೆ, ರಾತ್ರಿಭೋಜನತ್ಯಾಗವಿದೆ. ಹದಿನೈದು ದಿನ ಮಕ್ಕಳಿಂದ ಅವನ್ನು ಮಾಡಿಸಿದರೆ ಧರ್ಮವೂ ಉಳಿಯಿತು, ತೂಕವೂ ಇಳಿಯಿತು ಎಂದು ತಂದೆತಾಯಂದಿರು ಕೇಳುತ್ತಾರೆ. ಸ್ವಾಮಿಕಾರ್ಯದೊಡನೆ ಸ್ವಕಾರ್ಯ. ಕೇಳುವವರ ಉದ್ದೇಶ ಕೆಟ್ಟದ್ದಲ್ಲ. ಆದುದರಿಂದಲೇ ಅವರಿಗೆ ಸರಿಯಾದ ಉತ್ತರ ಹೇಳುವುದು ಅವಶ್ಯ.

ಸ್ಥೂಲಕಾಯವನ್ನು ಉಳ್ಳವರ ಚಿಂತೆಯೆಂದು ತಳ್ಳಿಹಾಕುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ನೂರಕ್ಕೆ 24 ಮಂದಿ, ಪುರುಷರಲ್ಲಿ ನೂರಕ್ಕೆ ಸುಮಾರು 23 ಮಂದಿ ಮಿತಿಮೀರಿದ ತೂಕವುಳ್ಳವರು. ಅದೇ ಸಮೀಕ್ಷೆಯ ಇನ್ನೊಂದು ಪುಟದಲ್ಲಿ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆಯದವರೆಂದು ಬರೆದಿದೆ. ಒಂದೇ ಬೀದಿಯ ಈ ಮನೆಯಲ್ಲಿ ಊಟ ಹೆಚ್ಚಾಗಿ ಒಂದು ಮಗು, ಆ ಮನೆಯಲ್ಲಿ ಊಟ ಸಾಲದೆ ಇನ್ನೊಂದು ಮಗು ತೊಂದರೆಪಡುವ ಕಾಲವಿದು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಲ್ಲಿ ವಾಸಿಸುವವರಿಗೆ ಇದರ ವೈಚಿತ್ರ್ಯ ಹೆಚ್ಚು ತೋರಬೇಕು. ನಿಡುಗಲ್ಲಿನ ಬೆಟ್ಟದ ಮೇಲೆ 13ನೆಯ ಶತಮಾನದಲ್ಲಿಯೇ ಪಾರ್ಶ್ವನಾಥ ಬಸದಿಯನ್ನು ಕಂಡ ಸೀಮೆ ಇದು. ಮಳೆ ಕೈಕೊಡುವುದನ್ನೂ ಅಷ್ಟೇ ಹಿಂದಿನಿಂದ ಬಲ್ಲದು. ಧಾತು, ಈಶ್ವರ ಸಂವತ್ಸರಗಳ ಬರವನ್ನು, ಎಂದರೆ 1876ರಿಂದ 78ರವರೆಗಿನ ಆ ಕ್ಷಾಮವನ್ನು, ಹಿರಿಯರು ಮೊನ್ನೆ ನಡೆದುದರಂತೆ ಹೇಳುತ್ತಿದ್ದರು. 1871ರ ಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಅಂತಹ ನೆಲದಲ್ಲಿ, ಹೆಸರಿನಲ್ಲಿಯೇ ಬಡವನನ್ನು ಇಟ್ಟುಕೊಂಡಿರುವ ಬಡವನಹಳ್ಳಿಯಂತಹ ಊರಿನಲ್ಲಿ, ಮಕ್ಕಳ ಮೈ ಕರಗಿಸಲು ಶಿಬಿರ ಹೂಡುವುದೆಂದರೆ ನೂರೈವತ್ತು ವರ್ಷಗಳ ಹಿಂದಿನವರಿಗೆ ಅರ್ಥವೇ ಆಗುತ್ತಿರಲಿಲ್ಲ. ಇಂದು ಅರ್ಥವಾಗುತ್ತದೆ. ರಜೆಗೆ ಬೆಂಗಳೂರಿನಿಂದ ಅಜ್ಜಿಯ ಮನೆಗೆ ಬರುವ ಮೊಮ್ಮಗನಿಗೆ ರಾಗಿಮುದ್ದೆ, ಹುರಳಿಕಟ್ಟಿನ ಸಾರು ರುಚಿಸುವುದಿಲ್ಲ; ಬಸ್‌ ನಿಲ್ದಾಣದ ಬೇಕರಿ ರುಚಿಸುತ್ತದೆ. ಓಡಾಟವಿಲ್ಲ, ಬಿಸಿಲಿಗೆ ಬರುವುದಿಲ್ಲ, ರಾತ್ರಿ ಹನ್ನೊಂದರವರೆಗೆ ಕೈಯಲ್ಲಿ ಮೊಬೈಲು, ಮೊಬೈಲಿನ ಪಕ್ಕದಲ್ಲಿ ತಿಂಡಿಯ ಪೊಟ್ಟಣ. ಈ ಮಗುವಿನ ಆರೋಗ್ಯಕ್ಕಾಗಿ ಏನಾದರೂ ಮಾಡಬೇಕೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಆಹಾರವನ್ನು ಬಿಡಿಸಿ ಚಿಕಿತ್ಸೆ ಮಾಡುವ ಸಂಸ್ಥೆಗಳು ನಮ್ಮ ನಾಡಿನಲ್ಲಿಯೇ ಇವೆ. ಬೆಂಗಳೂರಿನಿಂದ ತುಮಕೂರಿಗೆ ಬರುವ ರಸ್ತೆಯಲ್ಲಿ 1979ರಲ್ಲಿ ಜಿಂದಾಲ್ ಪ್ರಕೃತಿ ಚಿಕಿತ್ಸಾ ಸಂಸ್ಥೆ ಆರಂಭವಾಯಿತು. ಶ್ರೀ ಕ್ಷೇತ್ರ ಧರ್ಮಸ್ಥಳದ ವತಿಯಿಂದ ಧರ್ಮಸ್ಥಳದಲ್ಲಿ ಶಾಂತಿವನ, ಉಡುಪಿಯ ಬಳಿ ಪರೀಕದಲ್ಲಿ ಸೌಖ್ಯವನ, 2022ರಲ್ಲಿ ನೆಲಮಂಗಲದ ಬಳಿ ಕ್ಷೇಮವನ ಸ್ಥಾಪಿತವಾಗಿವೆ. ಉಜಿರೆಯಲ್ಲಿ ಇದನ್ನೇ ಕಲಿಸುವ ಮಹಾವಿದ್ಯಾಲಯವೂ ಇದೆ. ಅಲ್ಲಿ ವೈದ್ಯರು ರಕ್ತ ಪರೀಕ್ಷಿಸಿ, ನಾಡಿ ನೋಡಿ, ಯಾರಿಗೆ ಎಷ್ಟು ದಿನ ಎಂಬುದನ್ನು ನಿರ್ಧರಿಸಿ, ಬೇಡವಾದವರಿಗೆ ಬೇಡವೆನ್ನುತ್ತಾರೆ. ಅದು ಚಿಕಿತ್ಸೆ. ಅದನ್ನು ಚಿಕಿತ್ಸೆಯೆಂದೇ ಕರೆದಿದ್ದಾರೆ, ತಪಸ್ಸೆಂದು ಕರೆದಿಲ್ಲ. ಈ ಪ್ರಾಮಾಣಿಕತೆಯನ್ನು ನಾವು ಮೆಚ್ಚಬೇಕು. ರೋಗಿಯು ಔಷಧಿ ಸೇವಿಸುವುದು ದೋಷವಲ್ಲವಾದರೆ, ರೋಗಿಯು ವೈದ್ಯನ ಮಾತಿನಂತೆ ಆಹಾರ ಬಿಡುವುದೂ ದೋಷವಲ್ಲ. ವ್ರತದ ಹೆಸರನ್ನು ಅದಕ್ಕೆ ತೊಡಿಸಿದಾಗ ಮಾತ್ರ ತೊಡಕು ಹುಟ್ಟುತ್ತದೆ.

ಶಾಸ್ತ್ರದ ಕಡೆಯಿಂದ ನೋಡಿದರೆ ಬಾಹ್ಯತಪಸ್ಸು ಆರು ವಿಧ: ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ, ರಸಪರಿತ್ಯಾಗ, ವಿವಿಕ್ತಶಯ್ಯಾಸನ, ಕಾಯಕ್ಲೇಶ. ಇವುಗಳ ಫಲ ಕರ್ಮನಿರ್ಜರೆ. ಇನ್ನು ವ್ರತಿಯಾಗತಕ್ಕವನು ನಿಃಶಲ್ಯನಾಗಿರಬೇಕೆಂದು ತತ್ತ್ವಾರ್ಥಸೂತ್ರ ವಿಧಿಸುತ್ತದೆ. ಶಲ್ಯಗಳು ಮೂರು: ಮಾಯೆ, ಮಿಥ್ಯಾತ್ವ, ನಿದಾನ. ವ್ರತದ ಬದಲಿಗೆ ಲೌಕಿಕವಾದ ಭೋಗವನ್ನೋ ರೂಪವನ್ನೋ ಬಯಸುವುದೇ ನಿದಾನ. ಮುಂದಿನ ಜನ್ಮದಲ್ಲಿ ರಾಜನಾಗಬೇಕೆಂದು ತಪಸ್ಸನ್ನು ಮಾರಿಕೊಂಡವರ ಕಥೆಗಳನ್ನು ನಾವು ಪುರಾಣಗಳಲ್ಲಿ ಕೇಳಿದ್ದೇವೆ. ಅವರು ಒಂದು ಜನ್ಮದವರೆಗಾದರೂ ಕಾಯಲು ಸಿದ್ಧರಿದ್ದರು. ತೂಕದ ಯಂತ್ರದ ಮೇಲೆ ನಿಂತ ನಮ್ಮ ಉಪವಾಸಿಗೆ ಫಲವು ಮರುದಿನ ಬೆಳಿಗ್ಗೆಯೇ ಅಂಕಿಯಲ್ಲಿ ಕಾಣಬೇಕು.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರೋಷಧೋಪವಾಸದ ದಿನ ಏನನ್ನು ಬಿಡಬೇಕೆಂಬ ವಿವರವಿದೆ. ಪಂಚಪಾಪಗಳು, ಆರಂಭಕಾರ್ಯಗಳು ಸರಿಯೇ ಸರಿ. ಅವುಗಳ ಜೊತೆಗೆ ಅಲಂಕಾರ, ಗಂಧ, ಪುಷ್ಪ, ಸ್ನಾನ, ಕಣ್ಣಿಗೆ ಹಚ್ಚುವ ಅಂಜನವನ್ನು ಕೂಡ ಬಿಡಬೇಕೆಂದು ಆಚಾರ್ಯರು ವಿಧಿಸಿದ್ದಾರೆ. ಇದರ ತಾತ್ಪರ್ಯವನ್ನು ಗಮನಿಸಬೇಕು. ಆ ಒಂದು ದಿನವಾದರೂ ಶ್ರಾವಕನು ತನ್ನ ಮೈಯನ್ನು ಇತರರ ಕಣ್ಣಿನಿಂದ ನೋಡಿಕೊಳ್ಳುವುದನ್ನು ನಿಲ್ಲಿಸಲೆಂದೇ ಈ ವಿಧಿ. ಹೀಗಿರುವಲ್ಲಿ ಮೈ ಅಂದವಾಗಿ ಕಾಣಲೆಂದು ಉಪವಾಸ ಹಿಡಿದರೆ, ಉಪವಾಸವೇ ಒಂದು ಅಲಂಕಾರವಾಯಿತು. ಕಾಡಿಗೆಯನ್ನು ಬಿಟ್ಟು ಹಸಿವನ್ನು ಹಚ್ಚಿಕೊಂಡಂತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ. “ನಾನು ಕರ್ಮನಿರ್ಜರೆಗಾಗಿಯೇ ಉಪವಾಸ ಮಾಡುತ್ತೇನೆ, ಅದರೊಡನೆ ತೂಕವೂ ಇಳಿದರೆ ನನ್ನ ತಪ್ಪೇನು?” ತಪ್ಪೇನೂ ಇಲ್ಲ. ರಾಗಿ ಬೆಳೆದವನಿಗೆ ಹುಲ್ಲು ತಾನಾಗಿಯೇ ಸಿಕ್ಕುತ್ತದೆ. ಹುಲ್ಲು ಬಂದಿತೆಂದು ಅವನನ್ನು ಯಾರೂ ದೂರುವುದಿಲ್ಲ. ಆದರೆ ಹುಲ್ಲಿಗಾಗಿಯೇ ಬಿತ್ತಿದವನು ತೆನೆ ಬಲಿಯುವವರೆಗೆ ಕಾಯುವುದಿಲ್ಲ, ಹಸಿರಿದ್ದಾಗಲೇ ಕುಯ್ಯುತ್ತಾನೆ. ಇಬ್ಬರ ಹೊಲವೂ ಒಂದು ತಿಂಗಳವರೆಗೆ ಒಂದೇ ರೀತಿ ಕಾಣುತ್ತದೆ. ಕುಡುಗೋಲು ಯಾವಾಗ ಬಿತ್ತು ಎಂಬುದರಿಂದ ಮಾತ್ರ ಬಿತ್ತಿದವನ ಉದ್ದೇಶ ಗೊತ್ತಾಗುತ್ತದೆ. ಬೇಕಾದ ತೂಕ ಬಂದೊಡನೆ ಅಷ್ಟಮಿ ಚತುರ್ದಶಿಗಳನ್ನು ಮರೆಯುವ ಉಪವಾಸಿಯೂ, ತೂಕ ಇಳಿಯಲಿಲ್ಲವೆಂದು ಬೇಸತ್ತು ಏಕಾಶನ ಬಿಡುವವನೂ ಹಸಿರು ಕುಯ್ದವರೇ.

ದೊಡ್ಡವರು ಈ ಪರೀಕ್ಷೆಯನ್ನು ತಮಗೆ ತಾವೇ ಮಾಡಿಕೊಳ್ಳಬಹುದು. ಮಕ್ಕಳ ವಿಷಯ ಬೇರೆ. ಇದಕ್ಕೆ ಆದಿಪುರಾಣದ ಒಂದು ಪ್ರಸಂಗ ನನಗೆ ಬಹಳ ಸಮೀಪದ್ದಾಗಿ ತೋರುತ್ತದೆ. ಭಗವಾನ್ ವೃಷಭನಾಥರು ದೀಕ್ಷೆ ವಹಿಸಿ ಆರು ತಿಂಗಳ ಅನಶನವನ್ನು ಹಿಡಿದು ನಿಂತಾಗ ಅವರೊಡನೆ ನಾಲ್ಕು ಸಾವಿರ ಅರಸರೂ ದೀಕ್ಷೆ ವಹಿಸಿದರು. ಏಕೆ ವಹಿಸಿದರು? ತತ್ತ್ವವನ್ನು ತಿಳಿದಲ್ಲ, ಸ್ವಾಮಿಯಲ್ಲಿದ್ದ ಭಕ್ತಿಯಿಂದ. ಸ್ವಾಮಿ ನಿಂತರು, ತಾವೂ ನಿಂತರು. ಕೆಲವು ಕಾಲ ಕಳೆಯುವುದರೊಳಗೆ ಹಸಿವು ಬಾಯಾರಿಕೆಗಳನ್ನು ತಾಳಲಾರದೆ ಗೆಡ್ಡೆಗೆಣಸು ಅಗೆದು ತಿಂದರು, ಕೆರೆಯ ನೀರು ಕುಡಿದರು, ಮನೆಗೆ ಮರಳಲು ನಾಚಿ ನಾರುಟ್ಟು ನಾನಾ ವೇಷಗಳನ್ನು ಧರಿಸಿದರು. ಅವರೆಲ್ಲರೂ ಪ್ರಾಯದ, ಶಕ್ತಿಯ, ಮಾನದ ಕ್ಷತ್ರಿಯರು. ಇನ್ನೊಬ್ಬರನ್ನು ನೋಡಿ ಹಿಡಿದ ಹಸಿವು ಅಂಥವರನ್ನೇ ಕೈಬಿಟ್ಟ ಮೇಲೆ, ಸಾಲಾಗಿ ಕೂರಿಸಿದ ನಲವತ್ತು ಮಕ್ಕಳನ್ನು ಕೈಹಿಡಿದೀತೆಂದು ನಂಬುವುದು ಹೇಗೆ?

ಮುಂದಿನ ಭಾಗ ಇನ್ನೂ ಮುಖ್ಯ. ಆರು ತಿಂಗಳ ಯೋಗ ಮುಗಿದ ನಂತರ ಭಗವಂತರು ಯೋಚಿಸುತ್ತಾರೆ: ಮೋಕ್ಷವನ್ನು ಬಯಸುವವರು ಈ ದೇಹವನ್ನು ಒಣಗಿಸುತ್ತಲೇ ಇರಬಾರದು, ರುಚಿರುಚಿಯಾದುದನ್ನು ಉಣಿಸಿ ಕೊಬ್ಬಿಸಲೂಬಾರದು, ಇಂದ್ರಿಯಗಳು ವಶದಲ್ಲಿರುವಂತೆ, ದಾರಿ ತಪ್ಪದಂತೆ ನಡುವಿನ ಹಾದಿ ಹಿಡಿಯಬೇಕು. ತಮ್ಮ ಹಸಿವಿಗಾಗಿ ಅಲ್ಲ, ಮುಂದೆ ಬರುವ ಮುನಿಗಳಿಗೆ ಮಾರ್ಗ ತೋರಲು ಅವರು ಆಹಾರಕ್ಕೆ ಹೊರಟರು. ಜನರಿಗೆ ಆಹಾರದಾನದ ವಿಧಿ ತಿಳಿಯದು. ಆನೆ ತಂದರು, ರತ್ನ ತಂದರು, ಕನ್ಯೆಯರನ್ನು ತಂದರು. ಶುದ್ಧವಾದ ಅನ್ನವನ್ನು ಮಾತ್ರ ಯಾರೂ ಕೊಡಲಿಲ್ಲ. ಮತ್ತೆ ಆರು ತಿಂಗಳಿಗೂ ಮೀರಿ ಕಳೆದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸನು ಪೂರ್ವಜನ್ಮಸ್ಮರಣೆಯಿಂದ ವಿಧಿಯನ್ನರಿತು ಕಬ್ಬಿನ ರಸವನ್ನು ನೀಡಿದನು. ಆ ದಿನವೇ ಅಕ್ಷಯತೃತೀಯಾ. ಅದು ವೈಶಾಖದಲ್ಲಿ, ನಮ್ಮ ಮಕ್ಕಳ ಬೇಸಿಗೆ ರಜೆಯ ನಡುವೆಯೇ ಬರುತ್ತದೆ. ಬೇಸಿಗೆಯಲ್ಲಿ ನಮ್ಮ ದೊಡ್ಡ ಪರ್ವ ಪಾರಣೆಯ ಪರ್ವ, ಕೊಟ್ಟವನ ಪರ್ವ. ಭಗವಂತರ ದೇಹ ಎಷ್ಟು ಇಳಿದಿತ್ತೆಂದು ಅಂದು ಯಾರೂ ಅಳೆಯಲಿಲ್ಲ. ಅಂದಹಾಗೆ ದೀರ್ಘ ಉಪವಾಸಗಳೆಲ್ಲ ನಮ್ಮಲ್ಲಿ ಹೆಚ್ಚಾಗಿ ಚಾತುರ್ಮಾಸದಲ್ಲಿ, ಭಾದ್ರಪದದ ದಶಲಕ್ಷಣಪರ್ವದಲ್ಲಿ ಬರುತ್ತವೆ. ಮೇ ತಿಂಗಳ ಮಧುಗಿರಿ ಪಾವಗಡಗಳ ಬಿಸಿಲಿನಲ್ಲಿ ಮಕ್ಕಳಿಂದ ನಿರ್ಜಲ ಉಪವಾಸ ಮಾಡಿಸುವ ಮಾತೆತ್ತುವವರು ಮೊದಲು ಪಂಚಾಂಗವನ್ನು ನೋಡಲಿ, ಆಮೇಲೆ ಆಕಾಶವನ್ನು ನೋಡಲಿ.

ಹಸಿವನ್ನು ಸಹಿಸಿದವರಿಗೆಲ್ಲ ಒಂದೇ ಫಲವೆಂದು ನಮ್ಮ ಆಚಾರ್ಯರು ಹೇಳಲಿಲ್ಲ. ತಿಳಿವಿಲ್ಲದ ತಪಸ್ಸನ್ನು ಬಾಲತಪವೆಂದರು. ತನ್ನ ಇಚ್ಛೆಯಿಲ್ಲದೆ, ಬೇರೆ ದಾರಿಯಿಲ್ಲದೆ ತಾಳಿಕೊಂಡ ಹಸಿವು ಬಾಯಾರಿಕೆಗಳಿಂದ ಆಗುವುದನ್ನು ಅಕಾಮನಿರ್ಜರೆಯೆಂದರು. ಸೆರೆಮನೆಯಲ್ಲಿ ಕಟ್ಟಿಹಾಕಿದವನ ಹಸಿವು ಇದಕ್ಕೆ ದೃಷ್ಟಾಂತ. ಧಾತು ಈಶ್ವರ ಬರದಲ್ಲಿ ಹಸಿದವರ ಹಸಿವೂ ಇದೇ. ತಂದೆತಾಯಿ ಹಣ ಕಟ್ಟಿ ಕಳಿಸಿದ ಶಿಬಿರದಲ್ಲಿ ಬಾಗಿಲ ಹೊರಗೆ ಬೇಕರಿಯನ್ನು ನೆನೆಯುತ್ತ ಕುಳಿತ ಹುಡುಗನ ಹಸಿವನ್ನು ಯಾವುದಕ್ಕೆ ಸೇರಿಸೋಣ? ಅದು ಅವನ ತ್ಯಾಗವಲ್ಲ. ತ್ಯಾಗವಾಗಬೇಕಾದರೆ ವಸ್ತುವೂ ಅವನದಾಗಿರಬೇಕು, ಬಿಡುವ ಮನಸ್ಸೂ ಅವನದಾಗಿರಬೇಕು.

ಅಂಥ ಹಸಿವು ಮನಸ್ಸಿಗೆ ಏನು ಮಾಡುತ್ತದೆಂಬುದಕ್ಕೆ ಹೊರದೇಶದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಆಹಾರ ಕೊಟ್ಟು ಪರೀಕ್ಷಿಸಿದರು. ಯುದ್ಧದಲ್ಲಿ ಆಯುಧ ಹಿಡಿಯಲೊಪ್ಪದೆ ಇದಕ್ಕೆ ತಾವಾಗಿಯೇ ಮುಂದೆ ಬಂದವರು ಅವರು, ದೃಢಮನಸ್ಕರು. ದೇಹದ ತೂಕದ ಕಾಲುಭಾಗದಷ್ಟು ಇಳಿಯಿತು. ಆದರೆ ನಾಲಗೆ ಇಳಿಯಲಿಲ್ಲ. ಹಗಲಿರುಳು ಅನ್ನದ್ದೇ ಧ್ಯಾನ. ಕೆಲವರು ಅಡುಗೆಯ ಪುಸ್ತಕಗಳನ್ನು ಕೂಡಿಹಾಕಿಕೊಂಡು ಓದತೊಡಗಿದರು. ಅನ್ನವನ್ನು ಜಯಿಸಲು ಹೊರಟ ಅನಶನವೇ ಅನ್ನವನ್ನು ಮನಸ್ಸಿನ ಸಿಂಹಾಸನದಲ್ಲಿ ಕೂರಿಸಿತು. ಅಲ್ಲಿಯೇ ಮತ್ತೊಂದು ಉದಾಹರಣೆ: ದೂರದರ್ಶನದಲ್ಲಿ ಮೂವತ್ತು ವಾರಗಳ ಸ್ಪರ್ಧೆ ಹೂಡಿ ತೂಕ ಇಳಿಸಿದ 14 ಮಂದಿಯನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಪ್ರಕಟವಾಯಿತು. ಸರಾಸರಿ 58 ಕಿಲೋ ಇಳಿಸಿದ್ದವರು 41 ಕಿಲೋವನ್ನು ಮರಳಿ ಪಡೆದಿದ್ದರು.

ಲೆಕ್ಕದ ಮಾತಿಗೆ ಬಂದರೂ ಹದಿನೈದು ದಿನದ ಶಿಬಿರ ಗೆಲ್ಲುವುದಿಲ್ಲ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶಕ್ತಿ ಅಡಗಿರುತ್ತದೆ. ದಿನಕ್ಕೆ 2,000 ಕ್ಯಾಲೊರಿ ವೆಚ್ಚ ಮಾಡುವ ದೇಹ ಇಡೀ ದಿನ ಏನೂ ಸೇವಿಸದಿದ್ದರೂ ಕರಗಬಹುದಾದ ಕೊಬ್ಬು ಹೆಚ್ಚೆಂದರೆ ಕಾಲು ಕಿಲೋ. ಮೊದಲ ಎರಡು ಮೂರು ದಿನಗಳಲ್ಲಿ ಯಂತ್ರದ ಮುಳ್ಳು ಸರಸರನೆ ಇಳಿದು ಎಲ್ಲರನ್ನೂ ಹರ್ಷಗೊಳಿಸುವುದು ಬಹುಪಾಲು ನೀರಿನ ನಷ್ಟದಿಂದ. ಪಾರಣೆಯ ಮರುದಿನ ಆ ನೀರು ಮರಳಿ ಬರುತ್ತದೆ, ಹರ್ಷ ಹೋಗುತ್ತದೆ. ಬೆಳೆಯುವ ಮಕ್ಕಳಲ್ಲಂತೂ ವೈದ್ಯರು ಅನೇಕ ವೇಳೆ ತೂಕವನ್ನು ಇಳಿಸಲು ಹೋಗುವುದೇ ಇಲ್ಲ. ಏರದಂತೆ ತಡೆದು, ಎತ್ತರ ಬೆಳೆದು ಸರಿಹೋಗಲು ಬಿಡುತ್ತಾರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಮೇಲೆ ಹೇಳಿದ ಸಮೀಕ್ಷೆಯಲ್ಲಿಯೇ 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ ಇರುವುದು ಕಂಡುಬಂದಿದೆ. ದುಂಡಗಿರುವ ಹುಡುಗಿಗೆ ರಕ್ತ ಕಡಿಮೆಯಿರಲಾರದೆಂದು ಭಾವಿಸುವುದು ತಪ್ಪು. ಎರಡೂ ಒಟ್ಟಿಗೆ ಇರಬಹುದು. ಮನೆಯಲ್ಲಿ ವರಾನ್ವೇಷಣೆಯ ಮಾತು ಆರಂಭವಾದೊಡನೆ ಮಗಳಿಗೆ ಇದ್ದಕ್ಕಿದ್ದಂತೆ ನೋಂಪಿಗಳಲ್ಲಿ ಶ್ರದ್ಧೆ ಹುಟ್ಟಿದರೆ ತಾಯಿ ಅದನ್ನು ಧರ್ಮಶ್ರದ್ಧೆಯೆಂದು ಹಿಗ್ಗುವ ಮೊದಲು ಮಗಳ ಪಕ್ಕದಲ್ಲಿ ಕುಳಿತು ಮಾತನಾಡಬೇಕು. 2016ರಲ್ಲಿ ಹೈದರಾಬಾದಿನಲ್ಲಿ 13 ವರ್ಷದ ಜೈನ ಬಾಲಕಿಯೊಬ್ಬಳು 68 ದಿನಗಳ ಉಪವಾಸವನ್ನು ಮುಗಿಸಿದ ಕೆಲವೇ ದಿನಗಳಲ್ಲಿ ತೀರಿಕೊಂಡದ್ದು ದೇಶದಲ್ಲೆಲ್ಲ ಸುದ್ದಿಯಾಯಿತು. ಅವಳು ತೂಕಕ್ಕಾಗಿ ಉಪವಾಸ ಮಾಡಲಿಲ್ಲ; ಆ ವಿಷಯವೇ ಬೇರೆ. ಆದರೆ ಮಕ್ಕಳ ಉಪವಾಸದ ದಿನಗಳನ್ನು ಎಣಿಸಿ ಮೆರೆಸುವ ದೊಡ್ಡವರ ಕಣ್ಣು, ಕಿಲೋಗಳನ್ನು ಎಣಿಸಿ ಬಹುಮಾನ ಕೊಡುವ ದೊಡ್ಡವರ ಕಣ್ಣು, ಇವೆರಡಕ್ಕೂ ಬಹಳ ಅಂತರವಿಲ್ಲ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶಭಾವನೆಗಳಲ್ಲಿ ತಪಸ್ಸನ್ನು ಹೆಸರಿಸುವಾಗ ಶಕ್ತ್ಯನುಸಾರ ಎಂಬ ವಿಶೇಷಣವನ್ನು ಸೇರಿಸಿಯೇ ಹೇಳಿದ್ದಾರೆ. ಅದು ಅಲಂಕಾರದ ಮಾತಲ್ಲ.

ಶಿಬಿರದಲ್ಲಿ ದಪ್ಪಗಿರುವ ಮಗುವನ್ನು ಎಲ್ಲರ ಮುಂದೆ ಯಂತ್ರದ ಮೇಲೆ ನಿಲ್ಲಿಸಿ ಅಂಕಿಯನ್ನು ಕೂಗಿ ಹೇಳುವುದನ್ನು ಹಿಂಸೆಯೆನ್ನದೆ ಬೇರೇನೆನ್ನಬೇಕು? ಸೊಳ್ಳೆ ಕೊಲ್ಲಲು ಹಿಂಜರಿಯುವ ನಾವು ಹನ್ನೆರಡು ವರ್ಷದ ಹುಡುಗನ ಕಿವಿಗೆ ‘ಗುಂಡ’ ಎಂಬ ಹೆಸರು ಬೀಳುವುದನ್ನು ನಗುತ್ತ ಕೇಳುತ್ತೇವೆ.

ಹಾಗಾದರೆ ಬಡವನಹಳ್ಳಿಯಂತಹ ಊರಿನಲ್ಲಿ ಶಿಬಿರವೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಧರ್ಮಶಿಬಿರ ಧರ್ಮಶಿಬಿರವಾಗಿ ನಡೆಯಲಿ, ತೂಕದ ಮಾತನ್ನು ವೈದ್ಯರಿಗೆ ಬಿಡೋಣ. ಬಸದಿಯ ಅಂಗಳದಲ್ಲಿ ತೂಕದ ಯಂತ್ರ ಬೇಡ, ಇಳಿದ ಕಿಲೋಗಳ ಪಟ್ಟಿ ಬೇಡ, ಬಹುಮಾನವಂತೂ ಬೇಡವೇ ಬೇಡ. ಮಕ್ಕಳಿಗೆ ಕಲಿಸಲು ಅನಶನಕ್ಕಿಂತ ಅವಮೌದರ್ಯವೇ ಯೋಗ್ಯ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಲೆಕ್ಕವಿಟ್ಟು, ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಅವಮೌದರ್ಯವಾಯಿತೆಂದು ಹಿರಿಯರು ತಪಸ್ಸಿನ ಬಾಗಿಲನ್ನು ಎಷ್ಟು ಅಗಲವಾಗಿ ತೆರೆದಿಟ್ಟಿದ್ದಾರೆ! ಇದಕ್ಕೆ ಹಠ ಬೇಕಿಲ್ಲ, ಎಚ್ಚರ ಬೇಕು. ಇನ್ನೂ ಬೇಕೆನ್ನುವ ನಾಲಗೆಯನ್ನು ಹುಡುಗ ತಾನೇ ಗಮನಿಸಿ, ತಾನೇ ಎಲೆಯ ಮುಂದಿನಿಂದ ಏಳುವುದನ್ನು ಕಲಿಯಬೇಕು. ಮುದ್ದೆ ಕೂಡಿಸುವುದನ್ನು ಅವನೇ ಕಲಿಯಲಿ. ಬೆಳಗಿನ ತಂಪಿನಲ್ಲಿ ಮಧುಗಿರಿಯ ಏಕಶಿಲಾಬೆಟ್ಟದ ಅರ್ಧದವರೆಗಾದರೂ ಹತ್ತಿ ಇಳಿಯಲಿ. ಸೂರ್ಯಾಸ್ತದೊಳಗೆ ಊಟ ಮುಗಿಸಿ, ಕತ್ತಲಾದ ಮೇಲೆ ಸ್ವಾಧ್ಯಾಯದ ಕಥೆ ಕೇಳಿ ಬೇಗ ಮಲಗಲಿ. ಅಕ್ಷಯತೃತೀಯಾದಂದು ಊರಿನ ಎಲ್ಲರಿಗೂ ಕಬ್ಬಿನ ಹಾಲನ್ನು ಈ ಮಕ್ಕಳೇ ಕೈಯಾರೆ ಹಂಚಲಿ. ತಮಗಿಂತ ಸಣಕಲಾದ ಕೈಗಳು ಲೋಟ ಹಿಡಿಯುವುದನ್ನು ಹತ್ತಿರದಿಂದ ನೋಡಲಿ. ಶಿಬಿರದ ನಡುವೆ ಅಷ್ಟಮಿಯೋ ಚತುರ್ದಶಿಯೋ ಬಂದು, ದೇಹದಾರ್ಢ್ಯವಿರುವ ಹುಡುಗನೊಬ್ಬ ಏಕಾಶನ ಮಾಡುತ್ತೇನೆಂದು ತಾನಾಗಿ ಬಂದು ಕೇಳಿದರೆ ಏಕೆಂದು ವಿಚಾರಿಸಿ, ನೀರನ್ನು ಬಿಡದಂತೆ ಹೇಳಿ, ಕೊಡಬಹುದು. ಅದರ ಮರುದಿನ ಅವನನ್ನು ಯಾರೂ ತೂಗದಿರಲಿ.

ಇನ್ನೊಂದು ನಿಯಮವನ್ನೂ ಶಿಬಿರದ ವ್ಯವಸ್ಥಾಪಕರು ಇಟ್ಟುಕೊಳ್ಳುವುದು ಒಳ್ಳೆಯದು. ಮಗುವಿನ ಹೆಸರನ್ನು ಬರೆಸಲು ಬಂದ ತಂದೆತಾಯಂದಿರಿಂದ, ಆ ಹದಿನೈದು ದಿನ ತಾವೂ ತಮ್ಮ ಮನೆಯಲ್ಲಿ ಸೂರ್ಯಾಸ್ತದೊಳಗೆ ಊಟ ಮುಗಿಸುವೆವೆಂದು, ಕರಿದ ತಿಂಡಿಯ ಡಬ್ಬಿಗಳನ್ನು ತುಂಬಿಸಿಡುವುದಿಲ್ಲವೆಂದು ಒಂದು ಚೀಟಿ ಬರೆಸಿಕೊಳ್ಳಲಿ. ಅರ್ಜಿಗಳ ಸಂಖ್ಯೆ ಕಡಿಮೆಯಾದೀತು, ಆಗಲಿ.